ತಮಿಯಾ 1/35 ಮಟಿಲ್ಡಾ: ಕಾಂಟರ್ ಬಣ್ಣದಲ್ಲಿ ನೀಲಿ ಇತ್ತೇ? ಪಟ್ಟೆಗಳನ್ನು ಯಾವ ಕ್ರಮದಲ್ಲಿ ಹೊಡೆಯಬೇಕು?

ಕರಾವಳಿ_35:

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕು ಮಟಿಲ್ಡಾದ ಪ್ಲಾಸ್ಟಿಕ್ ಮಾಡೆಲ್, ತಮಿಯಾ ಕಂಪನಿಯ 35300 ನಂಬರಿನ ಮಾರ್ಕ್ 3/4 ಕಿಟ್ ಕೈಗೆತ್ತಿಕೊಂಡಿದ್ದೇನೆ. 1940ರ ಡಿಸೆಂಬರಿನಲ್ಲಿ ಈಜಿಪ್ಟಿನಲ್ಲಿ, ಇಟಲಿಯ ಸೇನೆಯ ಮೇಲೆ ಬ್ರಿಟಿಷರು ನಡೆಸಿದ ಆಪರೇಷನ್ ಕಂಪಾಸ್ ದಾಳಿಯ ಹೊತ್ತಿಗೆ, 7ನೇ ರಾಯಲ್ ಟ್ಯಾಂಕ್ ರೆಜಿಮೆಂಟಿನ (ಆರ್‌ಟಿಆರ್) ಟ್ಯಾಂಕು ಹೇಗಿತ್ತೋ ಹಾಗೆ ಮಾಡುವ ಉದ್ದೇಶ. ಮೂರು ಅನುಮಾನಗಳಿವೆ.

ಒಂದು, ಟ್ಯಾಂಕನ್ನು ಮರೆಮಾಚಲು ಬಳಿಯುತ್ತಿದ್ದ ಮೂರು ಬಣ್ಣದ ಕಾಂಟರ್ ಪಟ್ಟೆಗಳಲ್ಲಿ ಒಂದು ತಿಳಿ ನೀಲಿ ಎಂದು ಹಳೆಯ ಕಿಟ್ ಡಬ್ಬಿಗಳ ಮೇಲೆ ಕಾಣುತ್ತದೆ, ಈಚಿನವರು ಬೂದು ಬಣ್ಣ ಹೊಡೆಯುತ್ತಾರೆ. ಯಾವುದು ಸರಿ? ಎರಡು, ಎರಕದ ಟರೆಟ್ (ಫಿರಂಗಿ ಕೂರುವ, ತಿರುಗುವ ಗೋಪುರ) ಮೇಲೆ ನೇರ ಗೆರೆಯ ಅಂಚು ಚೊಕ್ಕವಾಗಿ ಬರಲು ಟೇಪ್ ಹೇಗೆ ಹಾಕುವುದು? ಮೂರು, ಇಲ್ಲಿ ಈಗ ಮಳೆಗಾಲ. ಲ್ಯಾಕರ್ ಥಿನ್ನರ್ ಬೆರೆಸಿ ಹೊಡೆದ ಬಣ್ಣ ಒಣಗುವಾಗ ಬಿಳಿಚಿಕೊಳ್ಳುತ್ತದೆ. ಏನು ಮಾಡಬೇಕು?

ಏರ್‌ಬ್ರಷ್ 0.3 ಮಿಮೀ ನಾಝಲ್‌ನದು, ಬಣ್ಣ ತಮಿಯಾ ಅಕ್ರಿಲಿಕ್.

ಬಿಎಸ್_381:

ಮೊದಲ ಪ್ರಶ್ನೆಗೆ ಉತ್ತರ: ನೀಲಿ ಇರಲಿಲ್ಲ.

ಬ್ರಿಗೇಡಿಯರ್ ಕಾಂಟರ್ ಹೆಸರಿನ ಈ ವಿನ್ಯಾಸ ಮಧ್ಯಪ್ರಾಚ್ಯದಲ್ಲಿ 1940ರಿಂದ 1941ರ ಕೊನೆಯವರೆಗೆ ಬಳಕೆಯಲ್ಲಿತ್ತು. ಬಣ್ಣಗಳು ಲೈಟ್ ಸ್ಟೋನ್ ನಂ. 61, ಸಿಲ್ವರ್ ಗ್ರೇ ನಂ. 28, ಸ್ಲೇಟ್ ನಂ. 34. ಕೆಲವು ಕಡೆ ಲೈಟ್ ಸ್ಟೋನ್ ಬದಲು ಪೋರ್ಟ್‌ಲೆಂಡ್ ಸ್ಟೋನ್ ನಂ. 64 ಬಂದಿದೆ. ಜನ ನೀಲಿ ಎಂದುಕೊಂಡದ್ದು ಸಿಲ್ವರ್ ಗ್ರೇಯನ್ನು. ಹೆಸರು ಕೇಳಿದರೆ ಬೆಳ್ಳಿ ಹೊಳಪು ಎನ್ನಿಸಬಹುದು, ನಿಜದಲ್ಲಿ ಅದು ಹಸಿರು ಛಾಯೆಯ ತಿಳಿ ಬೂದು. ಮ್ಯೂಸಿಯಂ ಟ್ಯಾಂಕಿಗೆ ಯುದ್ಧ ಮುಗಿದ ಎಷ್ಟೋ ಕಾಲದ ಮೇಲೆ ಬಳಿದ ನೀಲಿಯನ್ನು ನೋಡಿ ಮಾಡೆಲ್ ಕಟ್ಟುವವರು ನಕಲು ಮಾಡಿದರು, ಒಬ್ಬರ ಮಾಡೆಲ್ ನೋಡಿ ಇನ್ನೊಬ್ಬರು ಮಾಡಿದರು, ಹಾಗೆ ಹಬ್ಬಿತು. ಕಪ್ಪುಬಿಳುಪು ಫೋಟೋದಿಂದ ಇದನ್ನು ತೀರ್ಮಾನಿಸಲು ಹೋಗಬೇಡಿ. ಕೆಲವು ಫೋಟೋಗಳಲ್ಲಿ ಲೈಟ್ ಸ್ಟೋನ್ ಮತ್ತು ಸಿಲ್ವರ್ ಗ್ರೇ ಎರಡನ್ನೂ ಬೇರ್ಪಡಿಸುವುದೇ ಕಷ್ಟ.

ಒಳ್ಳೆಯ ಸಂಗತಿ ಏನೆಂದರೆ ಈ ಬಣ್ಣಗಳು ಇಂದಿಗೂ ಬ್ರಿಟಿಷ್ ಬಣ್ಣದ ಮಾನಕ ಬಿಎಸ್ 381ಸಿಯಲ್ಲಿವೆ: ಲೈಟ್ ಸ್ಟೋನ್ 361, ಪೋರ್ಟ್‌ಲೆಂಡ್ ಸ್ಟೋನ್ 364, ಸಿಲ್ವರ್ ಗ್ರೇ 628, ಸ್ಲೇಟ್ 634. ಇಂಡಸ್ಟ್ರಿಯಲ್ ಪೇಂಟ್ ಮಾರುವ ದೊಡ್ಡ ಅಂಗಡಿಗಳಲ್ಲಿ ಶೇಡ್ ಕಾರ್ಡ್ ಸಿಗುತ್ತದೆಯೇ ಕೇಳಿ. ಕಾರ್ಡ್ ಪಕ್ಕದಲ್ಲಿಟ್ಟು ಬೆರೆಸಿದರೆ ಯಾರ ಸೂತ್ರವೂ ಬೇಕಿಲ್ಲ. ಮಾನಿಟರ್ ನೋಡಿ ಹೊಂದಿಸಿದರೆ ಮಾತ್ರ ಖಂಡಿತ ತಪ್ಪುತ್ತದೆ.

ಶುರು ಮಾಡಲು ನನ್ನ ಅಳತೆಗಳು ಇವು (ಎಕ್ಸ್‌ಎಫ್ ಎಂದರೆ ತಮಿಯಾ ಬಣ್ಣದ ಬಾಟಲಿಯ ನಂಬರು), ಆಮೇಲೆ ಕಾರ್ಡಿಗೆ ತಕ್ಕಂತೆ ತಿದ್ದಿಕೊಳ್ಳಿ. ಲೈಟ್ ಸ್ಟೋನ್‌ಗೆ ಎಕ್ಸ್‌ಎಫ್-59 ಎರಡು ಪಾಲು, ಎಕ್ಸ್‌ಎಫ್-2 ಒಂದು ಪಾಲು, ಹಳದಿ ಎಕ್ಸ್‌ಎಫ್-3 ಹನಿಹನಿಯಾಗಿ. ಸಿಲ್ವರ್ ಗ್ರೇಗೆ ಎಕ್ಸ್‌ಎಫ್-21 ಮತ್ತು ಎಕ್ಸ್‌ಎಫ್-19 ಸಮಪಾಲು. ಸ್ಲೇಟ್‌ಗೆ ಎಕ್ಸ್‌ಎಫ್-22 ಎರಡು ಪಾಲು, ಎಕ್ಸ್‌ಎಫ್-65 ಒಂದು ಪಾಲು. ಹಸಿಯಾಗಿರುವಾಗ ಹೋಲಿಸಬೇಡಿ. ಬಿಳಿ ಪ್ಲಾಸ್ಟಿಕ್ ಚೂರಿನ ಮೇಲೆ ಹೊಡೆದು, ಪೂರ್ತಿ ಒಣಗಿಸಿ, ಕಿಟಕಿ ಬೆಳಕಿನಲ್ಲಿ ನೋಡಿ. ಸ್ಲೇಟ್ ಮಾಡೆಲ್ ಗಾತ್ರದಲ್ಲಿ ತೀರ ಕಪ್ಪಾಗಿ ಕಂಡು ಉಳಿದೆರಡನ್ನು ನುಂಗಿಬಿಡುತ್ತದೆ. ಅದಕ್ಕೆ ಮಾತ್ರ ಸ್ವಲ್ಪ ಬಿಳಿ ಸೇರಿಸುವುದು ವಾಸಿ.

ಮೂರು ಬಣ್ಣಕ್ಕೂ ಒಂದೊಂದು ಬಾಟಲಿ ತುಂಬ ಬೆರೆಸಿಡಿ, ಪ್ರತಿಯೊಂದೂ ಕನಿಷ್ಠ 10 ಮಿಲೀ. ಮಧ್ಯದಲ್ಲಿ ಮುಗಿದರೆ ಅದೇ ಛಾಯೆ ಮತ್ತೆ ಬರುವುದಿಲ್ಲ, ಅಂಚು ತಿದ್ದುವಾಗ ಸಿಕ್ಕಿಬೀಳುತ್ತೀರಿ.

ಎರಕದ_ಅಚ್ಚು:

ಬಣ್ಣಕ್ಕೂ ಮೊದಲು ಒಂದು ಮಾತು, ಕರಾವಳಿಯವರೇ. ನಿಮ್ಮ ಕಿಟ್ ಮಾರ್ಕ್ 3/4. ಮಾರ್ಕ್ 3ರಿಂದ ಲೇಲ್ಯಾಂಡ್ ಎಂಜಿನ್, ಅದಕ್ಕಿಂತ ಮೊದಲಿನವಕ್ಕೆ ಎರಡು ಎಇಸಿ ಡೀಸೆಲ್ ಎಂಜಿನ್. 1940ರ ಡಿಸೆಂಬರಿನ ಟ್ಯಾಂಕು ಬೇಕೆಂದರೆ ನೀವು ಹುಡುಕುತ್ತಿರುವುದು ಹಿಂದಿನ ಮಾದರಿ. ಹಾಗಾಗಿ ಒಂದೇ ಒಂದು ಟ್ಯಾಂಕಿನ ಫೋಟೋ ಆರಿಸಿಕೊಂಡು ಅದನ್ನೇ ಹಿಡಿದು ಕೂತುಕೊಳ್ಳಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದ ಫೋಟೋಗಳು ಆನ್‌ಲೈನ್‌ನಲ್ಲೇ ನೋಡಲು ಸಿಗುತ್ತವೆ. ನೋಡಬೇಕಾದದ್ದು ಹಿಂಬದಿಯ ಎಕ್ಸಾಸ್ಟ್ ಕೊಳವೆಗಳು, ಚಕ್ರ ಮುಚ್ಚುವ ಪಕ್ಕದ ತಗಡಾದ ಸ್ಕರ್ಟಿನಲ್ಲಿ ಮಣ್ಣು ಜಾರುವ ಕಿಂಡಿಗಳೆಷ್ಟು, ಹಿಂದೆ ಹೆಚ್ಚುವರಿ ಇಂಧನದ ಡ್ರಮ್ ಇದೆಯೇ ಇಲ್ಲವೇ. ಇವು ಟ್ಯಾಂಕಿನಿಂದ ಟ್ಯಾಂಕಿಗೆ ಬೇರೆಯಾಗುತ್ತವೆ, ಕಿಟ್ಟಿನಲ್ಲಿ ಡ್ರಮ್ ಇದೆ ಎಂದ ಮಾತ್ರಕ್ಕೆ ಅಂಟಿಸಬೇಡಿ.

ಮುಂದೆ ಯಾರಾದರೂ ಇದೇ ಕಿಟ್ಟಿನಲ್ಲಿ 1940ರ ಮೇ ತಿಂಗಳ ಅರಾಸ್ ಕದನದ ಟ್ಯಾಂಕು ಮಾಡಲು ಹೊರಟರೆ ಇದನ್ನೂ ಓದಲಿ. ಫ್ರಾನ್ಸಿನಲ್ಲಿ ಕಾದಿದ ಮಟಿಲ್ಡಾಗಳಲ್ಲಿ ಫಿರಂಗಿಯ ಪಕ್ಕ ದಪ್ಪ ಕವಚದ ವಿಕರ್ಸ್ ಮಷಿನ್ ಗನ್ ಇತ್ತು, ಕಿಟ್ಟಿನಲ್ಲಿರುವುದು ಸಣ್ಣ ಬೇಸಾ ಮಷಿನ್ ಗನ್. ಕಂದಕ ದಾಟಲು ಹಿಂದೆ ಬಾಲದಂಥ ಚೌಕಟ್ಟೂ ಇತ್ತು. ಫಿರಂಗಿಯ ಬುಡದ ಕವಚ, ಅಂದರೆ ಮ್ಯಾಂಟ್ಲೆಟ್, ಬದಲಿಸದೆ ಅರಾಸ್ ಟ್ಯಾಂಕು ಆಗುವುದಿಲ್ಲ.

ಅಳತೆ ಪರೀಕ್ಷೆ ಸುಲಭ. ನಿಜವಾದ ಮಟಿಲ್ಡಾ 5.61 ಮೀ ಉದ್ದ, 2.59 ಮೀ ಅಗಲ, 2.52 ಮೀ ಎತ್ತರ. 35ರಿಂದ ಭಾಗಿಸಿದರೆ 160, 74, 72 ಮಿಮೀ. ಅಂಟು ಹಾಕುವ ಮೊದಲು ಹಲ್ (ಟ್ಯಾಂಕಿನ ಒಡಲು) ಭಾಗಗಳನ್ನು ಟೇಪಿನಲ್ಲಿ ಹಿಡಿಸಿ ಕ್ಯಾಲಿಪರಿನಲ್ಲಿ ಅಳೆಯಿರಿ. ಸ್ಕರ್ಟುಗಳು ಚೂರು ಹೊರಗೆ ವಾಲಿದರೂ ಅಗಲ 75 ದಾಟುತ್ತದೆ, ಆಮೇಲೆ ಮೇಲಿನ ತಗಡು ಕೂರುವುದಿಲ್ಲ.

ಟೂ ಪೌಂಡರ್ ಫಿರಂಗಿಯ ಬಾಯಿ 40 ಮಿಮೀ, ಅಂದರೆ ಮಾಡೆಲಿನಲ್ಲಿ 1.1 ಮಿಮೀ. ಕಿಟ್ಟಿನ ಪ್ಲಾಸ್ಟಿಕ್ ನಳಿಕೆಯನ್ನೇ ಬಳಸುವುದಾದರೆ ಮೊದಲು ಸೂಜಿಯಿಂದ ನಡುಬಿಂದು ಗುರುತಿಸಿ, 0.5, 0.8, 1.1 ಹೀಗೆ ಮೂರು ಹಂತದಲ್ಲಿ ಕೈ ಡ್ರಿಲ್ಲಿನಿಂದ ಕೊರೆಯಿರಿ. ಒಂದೇ ಸಲಕ್ಕೆ 1.1 ಹಾಕಿದರೆ ಬಿಟ್ ಪಕ್ಕಕ್ಕೆ ಜಾರಿ ಅಂಚು ತೆಳುವಾಗಿ ಸೀಳುತ್ತದೆ. ಬೇಸಾಗೆ 0.3 ಮಿಮೀ ಬಿಟ್ ಸಾಕು. ಟರೆಟ್ಟಿನ ಬಲಕ್ಕಿರುವ ಎರಡು ಹೊಗೆ ಬಾಂಬಿನ ಕೊಳವೆಗಳು ನಿಜದಲ್ಲಿ 4 ಇಂಚು, ಇಲ್ಲಿ ಸುಮಾರು 2.9 ಮಿಮೀ. ಅವನ್ನು ಟೊಳ್ಳು ಮಾಡಿ, ಒಳಗಿನಿಂದ ಎಳೆಯುವ ಕೇಬಲ್ಲಿಗೆ ಬಳೆಯಂತೆ ಬಾಗಿಸಿದ ತೆಳು ತಾಮ್ರದ ತಂತಿ ಹಾಕಿದರೆ ಟರೆಟ್ಟಿಗೆ ಜೀವ ಬರುತ್ತದೆ. ಹಳೆಯ ಚಾರ್ಜರ್ ವೈರಿನ ಒಂದು ಎಳೆ ಸಾಕು. ಆಂಟೆನಾಗೆ ಗಿಟಾರಿನ ಅತಿ ತೆಳುವಾದ ಉಕ್ಕಿನ ತಂತಿ, ದಪ್ಪ 0.25 ಮಿಮೀ. ಆಗಿನ ನಂ. 11 ವೈರ್‌ಲೆಸ್‌ಗೆ 6 ಅಡಿಯ ಕಡ್ಡಿ ಎಂದರೆ 52 ಮಿಮೀ.

ಎರಕದ ಮೇಲ್ಮೈ ಬಗ್ಗೆ ಬಹಳ ಜನ ಅತಿ ಮಾಡುತ್ತಾರೆ. ಟರೆಟ್ ಮತ್ತು ಮೂತಿ ಎರಕ ಹೊಯ್ದದ್ದು, ಒರಟು ಇರಬೇಕು, ಸರಿ. ಆದರೆ ಲೆಕ್ಕ ಹಾಕಿ: ಮಾಡೆಲಿನ ಮೇಲೆ 0.2 ಮಿಮೀ ಗುಳ್ಳೆ ಎದ್ದರೆ ನಿಜವಾದ ಟ್ಯಾಂಕಿನಲ್ಲಿ ಅದು 7 ಮಿಮೀ ಉಬ್ಬು! ಹಲಸಿನ ಹಣ್ಣಿನ ಸಿಪ್ಪೆಯಂತಾಗುತ್ತದೆ. ಮಿಸ್ಟರ್ ಸರ್ಫೇಸರ್ 500 ಎಂಬ ದಪ್ಪ ಪ್ರೈಮರ್ ತೆಗೆದುಕೊಂಡು, ಕೂದಲು ಕತ್ತರಿಸಿ ಮೋಟು ಮಾಡಿದ ಹಳೆಯ ಬ್ರಷ್ಷಿನಿಂದ ಚುಕ್ಕಿ ಕುಟ್ಟುತ್ತಾ ಹೋಗಿ. ಒಂದೇ ಪದರ. 24 ಗಂಟೆ ಬಿಟ್ಟು 600 ನಂಬರ್ ವಾಟರ್ ಪೇಪರಿನಿಂದ ನೀರು ಹಚ್ಚಿ ಹಗುರವಾಗಿ ಉಜ್ಜಿ, ತುದಿಗಳು ಮಾತ್ರ ಹೋಗಬೇಕು. ಎಂಜಿನ್ ಮೇಲಿನ ತಗಡು, ಜಾಲರಿ, ಮುಚ್ಚಳಗಳಿಗೆ ಮುಟ್ಟಿಸಲೇಬೇಡಿ, ಟೇಪಿನಲ್ಲಿ ಮುಚ್ಚಿಬಿಡಿ. ನಿಜವಾದ ಎರಕ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕಾದರೆ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಲ್ಲಿ ಮಟಿಲ್ಡಾ ಇದೆ. ಆಕಾರ, ಬೋಲ್ಟು, ಮೇಲ್ಮೈಗೆ ಅದನ್ನು ನಂಬಬಹುದು, ಬಣ್ಣಕ್ಕೆ ಬೇಡ.

ಟೇಪ್_ಬ್ಲೇಡ್:

ಪಟ್ಟೆಗೆ ಬರೋಣ. ತಿಳಿ ಬಣ್ಣದಿಂದ ಗಾಢಕ್ಕೆ: ಲೈಟ್ ಸ್ಟೋನ್ ಇಡೀ ಟ್ಯಾಂಕಿಗೆ, ನಂತರ ಸಿಲ್ವರ್ ಗ್ರೇ, ಕೊನೆಗೆ ಸ್ಲೇಟ್. ಚಕ್ರ ಮತ್ತು ಟ್ರ್ಯಾಕ್ ಮೊದಲೇ ಬಣ್ಣ ಹೊಡೆದು, ದೂಳು ಹಿಡಿಸಿ, ಕೂರಿಸಿ, ಆಮೇಲೆ ಸ್ಕರ್ಟ್ ಅಂಟಿಸಿ. ಸ್ಕರ್ಟ್ ಕೂತ ಮೇಲೆ ಒಳಗೆ ಬ್ರಷ್ ಹೋಗುವುದಿಲ್ಲ. ಟ್ರ್ಯಾಕಿನ ಮೇಲಿನ ಸಾಲು ಬಹುತೇಕ ಕಾಣುವುದೂ ಇಲ್ಲ, ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಮುಂದೆ ಮತ್ತು ಹಿಂದೆ ಸುತ್ತಿ ಬರುವ ಕೊಂಡಿಗಳನ್ನು ಮಾತ್ರ ಚೆನ್ನಾಗಿ ಜೋಡಿಸಿ.

ಪಟ್ಟೆಗಳ ನಕ್ಷೆಯನ್ನು ಜೆರಾಕ್ಸ್ ಮಾಡಿಸುವಾಗ ಪಕ್ಕದ ನೋಟದ ಉದ್ದವನ್ನು ಮಿಮೀನಲ್ಲಿ ಅಳೆದು, 160ನ್ನು ಅದರಿಂದ ಭಾಗಿಸಿ 100ರಿಂದ ಗುಣಿಸಿ. ಚಿತ್ರ 116 ಮಿಮೀ ಇದ್ದರೆ 138 ಶೇಕಡಕ್ಕೆ ಹಿಗ್ಗಿಸಬೇಕು. ಈಗ ಎಲ್ಲರೂ ಎಡವುವ ಜಾಗ: ಆ ಕಾಗದವನ್ನು ಕತ್ತರಿಸಿ ನೇರವಾಗಿ ಟ್ಯಾಂಕಿಗೆ ಅಂಟಿಸುತ್ತಾರೆ. ಮೂತಿ ಇಳಿಜಾರು, ಟರೆಟ್ ದುಂಡು. ಚಪ್ಪಟೆ ಚಿತ್ರದಲ್ಲಿ ಇಳಿಜಾರು ಗಿಡ್ಡವಾಗಿ ಕಾಣುತ್ತದೆ, ಹಾಗಾಗಿ ಗೆರೆಗಳು ಮೂಲೆಯಲ್ಲಿ ಕೂಡುವುದಿಲ್ಲ. ಬದಲಿಗೆ ಗೆರೆ ಯಾವ ಅಂಚಿನಲ್ಲಿ ಶುರುವಾಗಿ ಯಾವ ಅಂಚಿನಲ್ಲಿ ಮುಗಿಯುತ್ತದೆ ಎಂಬ ಬಿಂದುಗಳನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಗುರುತಿಸಿ, ಎರಡು ಬಿಂದುಗಳ ನಡುವೆ ಟೇಪ್ ಎಳೆಯಿರಿ. ಫಿರಂಗಿ ನೇರ ಮುಂದಕ್ಕಿಟ್ಟಾಗ ಟರೆಟ್ಟಿನ ಪಟ್ಟೆ ಹಲ್‌ನ ಪಟ್ಟೆಗೆ ಹೇಗೆ ಮುಂದುವರಿಯುತ್ತದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ, ಟರೆಟ್ ಕೂರಿಸಿಯೇ ಗುರುತು ಹಾಕಿ. ಆ ಪಕ್ಕದ್ದನ್ನು ತಿರುಗಿಸಿ ಈ ಪಕ್ಕಕ್ಕೆ ಹಾಕಬೇಡಿ, ಎರಡಕ್ಕೂ ಅದರದರ ಚಿತ್ರ ನೋಡಿ.

ಟೇಪಿನ ಕಾರ್ಖಾನೆ ಅಂಚು ಮೇಲೆ ದೂಳು ಕೂತಿರುತ್ತದೆ. ಗಾಜಿನ ಮೇಲೆ ಅಂಟಿಸಿ ಹೊಸ ಬ್ಲೇಡಿನಿಂದ 1 ಮಿಮೀ ಕತ್ತರಿಸಿ ತೆಗೆಯಿರಿ. 2ರಿಂದ 3 ಮಿಮೀ ಅಗಲದ ಪಟ್ಟಿಯೇ ದುಂಡು ಟರೆಟ್ಟಿಗೆ ಬಗ್ಗುತ್ತದೆ, ಅಗಲ ಟೇಪ್ ಸುಕ್ಕಾಗುತ್ತದೆ. ಅಂಚಿನಿಂದ ಆಚೆಗೆ ಅಗಲದ್ದು ಹಾಕಿ ತುಂಬಿಸಿ. ಟೂತ್‌ಪಿಕ್‌ನಿಂದ ಉಜ್ಜಿ ಕೂರಿಸಿ.

ಎರಕದ ಮೇಲೆ ಟೇಪಿನ ಅಡಿ ಸಣ್ಣ ಸಂದುಗಳು ಉಳಿದೇ ಉಳಿಯುತ್ತವೆ. ಅದಕ್ಕೆ ಸಿಲ್ವರ್ ಗ್ರೇ ಹೊಡೆಯುವ ಮೊದಲು ಟೇಪಿನ ಅಂಚಿನುದ್ದಕ್ಕೂ ಅಡಿಯ ಬಣ್ಣವನ್ನೇ, ಅಂದರೆ ಲೈಟ್ ಸ್ಟೋನ್ ಅನ್ನೇ, ತೆಳುವಾಗಿ ಒಂದು ಸಲ ಹೊಡೆಯಿರಿ. ಸಂದಿಗೆ ಸೋರುವುದು ಅದೇ ಬಣ್ಣವಾದ್ದರಿಂದ ಕಾಣುವುದಿಲ್ಲ, ಬಾಗಿಲೂ ಮುಚ್ಚಿದಂತಾಗುತ್ತದೆ. ಸ್ಲೇಟ್ ಸರದಿಯಲ್ಲಿ ಟೇಪಿನಡಿ ಎರಡು ಬಣ್ಣಗಳಿರುತ್ತವೆ, ಅಲ್ಲಲ್ಲಿ ಆಯಾ ಬಣ್ಣದಿಂದಲೇ ಮುಚ್ಚಿ. ಗಾಳಿ ಒತ್ತಡ 12ರಿಂದ 15 ಪಿಎಸ್‌ಐ, ಅರ್ಧಕ್ಕರ್ಧ ಥಿನ್ನರ್, ಏರ್‌ಬ್ರಷ್ ಟೇಪಿನ ಕಡೆಯಿಂದ ಬಯಲಿನ ಕಡೆಗೆ ಚಲಿಸಬೇಕು. ಬಯಲಿನಿಂದ ಟೇಪಿನತ್ತ ಹೊಡೆದರೆ ಅಂಚಿನಲ್ಲಿ ಬಣ್ಣ ರಾಶಿಬಿದ್ದು ಏಣು ನಿಲ್ಲುತ್ತದೆ. ಅರ್ಧ ಗಂಟೆಯೊಳಗೆ ಟೇಪನ್ನು ಹಿಂದಕ್ಕೆ ಮಡಚಿ, ನಿಧಾನವಾಗಿ ಎಳೆಯಿರಿ.

ಸವೆತ ತೋರಿಸಲು ಅಡಿಗೆ ಹೇರ್‌ಸ್ಪ್ರೇ ಹಾಕಿ ಮೇಲಿನ ಬಣ್ಣ ಕೀಳುವ ವಿಧಾನ ಇಲ್ಲಿ ಬೇಡ. ಅದರ ಮೇಲೆ ಎರಡು ಸಲ ಟೇಪ್ ಹಾಕಿ ತೆಗೆದರೆ ಪದರವೇ ಎದ್ದು ಬರುತ್ತದೆ. ಸವೆತವನ್ನು ಸ್ಪಂಜಿನ ಚೂರಿನಿಂದ ಕೊನೆಗೆ ಒತ್ತಿ.

ಕರಾವಳಿ_35:

ಎಲ್ಲರಿಗೂ ಧನ್ಯವಾದ. ಸವೆತ ಎಂದಿರಿ, ಅಡಿಯಲ್ಲಿ ಕಾಣಬೇಕಾದ ಬಣ್ಣ ಯಾವುದು? ಇಟಲಿಯವರ ನಿಬೈವಾ ಶಿಬಿರದ ಮೇಲಿನ ದಾಳಿಯಲ್ಲಿ 7ನೇ ಆರ್‌ಟಿಆರ್ ಜೊತೆ ಇದ್ದದ್ದು 4ನೇ ಇಂಡಿಯನ್ ಡಿವಿಷನ್. ಅವರ ಕೆಂಪು ಹದ್ದಿನ ಚಿಹ್ನೆಯನ್ನು ಟ್ಯಾಂಕಿನ ಮೇಲೆ ಹಾಕಬಹುದೇ? ಬಿಳಿಚುವ ಸಮಸ್ಯೆಗೂ ಪರಿಹಾರ ಬೇಕು.

ಬಿಎಸ್_381:

ಬೆಳ್ಳಿ ಬಣ್ಣವಲ್ಲ, ಹಸಿರು. ಆ ಟ್ಯಾಂಕುಗಳು ಇಂಗ್ಲೆಂಡಿನಿಂದ ಬಂದದ್ದು ಖಾಕಿ ಗ್ರೀನ್ ನಂ. 3ರಲ್ಲಿ, ಕಂದು ಛಾಯೆಯ ಮಂಕು ಹಸಿರು. ಮರುಭೂಮಿಯ ಬಣ್ಣ ಬಿದ್ದದ್ದು ಅದರ ಮೇಲೆ. ಹಾಗಾಗಿ ಗೀರುಗಳಲ್ಲಿ ಆ ಹಸಿರು ಇಣುಕಲಿ. ಬೂಟು ತಗಲುವ ಅಂಚು, ಹ್ಯಾಚಿನ ಸುತ್ತ, ಎಂಜಿನ್ ತಗಡಿನ ಹಿಡಿ, ಇಷ್ಟೇ ಕಡೆ. ಉಕ್ಕಿನ ಹೊಳಪು ಟ್ರ್ಯಾಕಿಗೆ ಮಾತ್ರ. ತುಕ್ಕಿನ ನೀರು ಸುರಿದ ಗೆರೆಗಳನ್ನೂ ಹಾಕಬೇಡಿ, ಅದು ಮಳೆ ಬೀಳುವ ಊರಿನ ಟ್ಯಾಂಕಿಗೆ. ಪಕ್ಕದ ಟಿ ಅಕ್ಷರದ ನೋಂದಣಿ ಸಂಖ್ಯೆಯ ಸುತ್ತ ಹಳೆಯ ಹಸಿರಿನ ಆಯತವೊಂದನ್ನು ಬಳಿಯದೆ ಬಿಟ್ಟಿರುವುದು ಆ ಕಾಲದ ಫೋಟೋಗಳಲ್ಲಿ ಕಾಣುತ್ತದೆ. ನೀವು ಆರಿಸಿದ ಫೋಟೋದಲ್ಲಿ ಹಾಗಿದ್ದರೆ ಖಂಡಿತ ಮಾಡಿ.

ಕೆಂಪು ಹದ್ದು ಬೇಡ. 1940ರ ಡಿಸೆಂಬರ್ 9ರಂದು ನಿಬೈವಾ ಶಿಬಿರದ ಮೇಲೆ 11ನೇ ಇಂಡಿಯನ್ ಬ್ರಿಗೇಡ್ ಜೊತೆ ಮಟಿಲ್ಡಾಗಳು ನುಗ್ಗಿದ್ದು ನಿಜ. ಆದರೆ 7ನೇ ಆರ್‌ಟಿಆರ್ ಆ ಡಿವಿಷನ್ನಿನ ಸ್ವಂತ ಪಡೆಯಲ್ಲ, ಕಾದಾಟಕ್ಕೆಂದು ಜೊತೆಗೆ ಕೊಟ್ಟದ್ದು. ಡಯೊರಾಮಾ (ದೃಶ್ಯದ ಮಾದರಿ) ಮಾಡಿ ಪಕ್ಕದಲ್ಲಿ ಭಾರತೀಯ ಸೈನಿಕರನ್ನು ನಿಲ್ಲಿಸಿ, ಅದು ಇತಿಹಾಸಕ್ಕೆ ಸರಿಹೊಂದುತ್ತದೆ. ಹೆಸರು ಬರೆಯುವುದಾದರೆ 7ನೇ ಆರ್‌ಟಿಆರ್ ಟ್ಯಾಂಕುಗಳ ಹೆಸರು ಇಂಗ್ಲಿಷಿನ ಏಳನೇ ಅಕ್ಷರ ಜಿಯಿಂದ ಶುರು, 4ನೇ ಆರ್‌ಟಿಆರ್‌ನವು ಡಿಯಿಂದ. ಕಿಟ್ಟಿನ ಡೆಕಾಲ್ (ಅಂಟಿಸುವ ಚಿಹ್ನೆಗಳ) ಹಾಳೆಯಲ್ಲಿ ಡಿ ಹೆಸರಿದ್ದರೆ ಅದು ನಿಮ್ಮ ಟ್ಯಾಂಕಲ್ಲ.

ಟೇಪ್_ಬ್ಲೇಡ್:

ಬಿಳಿಚುವುದು ತೇವದಿಂದ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಥಿನ್ನರಿಗೆ ರಿಟಾರ್ಡರ್ 5ರಿಂದ 10 ಶೇಕಡ ಸೇರಿಸಿ, ನಿಧಾನ ಆರುತ್ತದೆ. ಹೆಚ್ಚು ಹಾಕಿದರೆ ದಿನವಿಡೀ ಅಂಟಂಟು, ಟೇಪ್ ಗುರುತು ಬೀಳುತ್ತದೆ. ಪದರಗಳು ತೆಳುವಾಗಿರಲಿ, ನಡುವೆ ಹತ್ತು ನಿಮಿಷ ಬಿಡಿ. ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಇರಬೇಕು, ಪ್ರತಿ ಸಲ ಖಾಲಿ ಮಾಡಬೇಕು. ಸುರಿಯುವ ಮಳೆಯಲ್ಲಿ ಹೊಡೆಯದೆ, ಬಿಸಿಲು ಬಂದ ಮಧ್ಯಾಹ್ನ ನೋಡಿ ಹೊಡೆಯಿರಿ.

ಈಗಾಗಲೇ ಬಿಳಿಚಿದ ಭಾಗವನ್ನು ಕೆರೆಯಬೇಡಿ. ರಿಟಾರ್ಡರ್ ಬೆರೆಸಿದ ಬರೀ ಥಿನ್ನರನ್ನು 20 ಸೆಂಮೀ ದೂರದಿಂದ ಮಂಜಿನಂತೆ ಒಮ್ಮೆ ಹಾಯಿಸಿ. ಬಣ್ಣದ ಮೇಲ್ಪದರ ಕರಗಿ ತೇವ ಹೊರಬಿದ್ದು ಛಾಯೆ ಮರಳುತ್ತದೆ. ಪಟ್ಟೆಯ ಅಂಚಿನ ಹತ್ತಿರ ಮಾತ್ರ ಎಚ್ಚರ, ಒದ್ದೆಯಾಗುವಷ್ಟು ಹೊಡೆದರೆ ಎರಡು ಬಣ್ಣ ಕಲಸಿಹೋಗುತ್ತದೆ. ಮೊದಲು ಸ್ಕರ್ಟಿನ ಒಳಮೈಯಲ್ಲಿ ಪ್ರಯತ್ನಿಸಿ ನೋಡಿ.

ಡೆಕಾಲಿಗೂ ಒಂದು ಮಾತು: ಒರಟು ಎರಕದ ಮೇಲೆ ನೇರ ಹಾಕಿದರೆ ಅಡಿಯಲ್ಲಿ ಗಾಳಿ ನಿಂತು ಬೆಳ್ಳಗೆ ಮಿಂಚುತ್ತದೆ. ಆ ಜಾಗಕ್ಕೆ ಮಾತ್ರ ಎಕ್ಸ್-22 ಹೊಳಪು ಎರಡು ಪದರ ಹಾಕಿ, ಡೆಕಾಲ್ ಕೂರಿಸಿ, ಅದನ್ನು ಮೆತ್ತಗಾಗಿಸುವ ಮಾರ್ಕ್ ಸಾಫ್ಟರ್ ದ್ರವ ಹಚ್ಚಿ ಮುಟ್ಟದೆ ಬಿಡಿ. ಮುದುಡಿದಂತೆ ಕಂಡರೂ ಒಣಗುವಾಗ ತಾನೇ ಬಿಗಿಯುತ್ತದೆ. ಮರುದಿನ ಮಂದ ವಾರ್ನಿಶ್ ಹೊಡೆದು, ದೂಳು ಹಿಡಿಸುವ ಕೆಲಸ ಅದರ ಮೇಲೆ.