ಕಂಪ್ರೆಸರ್ ಆನ್ ಆದ ತಕ್ಷಣ ಸೋಲಾರ್ ಇನ್ವರ್ಟರ್ ಆಫ್. ಇನ್ನೊಂದು ಬ್ಯಾಟರಿ ಹಾಕಿಸಬೇಕಾ?

ಹೊಲಿಗೆಮನೆ:
ನಮ್ಮದು ಚಿಕ್ಕ ಬಟ್ಟೆ ಹೊಲಿಯುವ ಯೂನಿಟ್. ಸಿಂಗಲ್ ಫೇಸ್. ಮೋಟಾರ್ ಇರುವ 6 ಹೊಲಿಗೆ ಮಷೀನ್, 1000 ವ್ಯಾಟಿನ 2 ಇಸ್ತ್ರಿ ಪೆಟ್ಟಿಗೆ, ಲೈಟು, ಫ್ಯಾನು, ಜೊತೆಗೆ ಬಟನ್ ಹಾಕುವ ಪ್ರೆಸ್ಸಿಗೆ ಗಾಳಿ ಕೊಡುವ 2 ಎಚ್‌ಪಿ ಕಂಪ್ರೆಸರ್. ಮೇಲೆ 540 ವ್ಯಾಟಿನ 10 ಪ್ಯಾನೆಲ್, ಕೆಳಗೆ 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್, 51.2 ವೋಲ್ಟ್ 100 ಎಎಚ್ ಲಿಥಿಯಂ ಬ್ಯಾಟರಿ ಒಂದು. ತಿಂಗಳ ಬಿಲ್ಲಲ್ಲಿ ಎಷ್ಟು ಯೂನಿಟ್ ಬರುತ್ತದೆ ಅಂತ ನೋಡಿ ಇಷ್ಟು ಸಾಕು ಅಂದಿದ್ದರು.

ಕರೆಂಟ್ ಇದ್ದಾಗ ಏನೂ ತೊಂದರೆ ಇಲ್ಲ. ಕರೆಂಟ್ ಹೋದಾಗ ಕಂಪ್ರೆಸರ್ ಶುರುವಾದರೆ ಒಂದೊಂದು ಸಲ ಎಲ್ಲವೂ ಬಂದ್ ಆಗುತ್ತದೆ, ಒಂದೊಂದು ಸಲ ಏನೂ ಆಗುವುದಿಲ್ಲ. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇದ್ದಾಗಲೂ ಹೀಗೇ. ಹಾಕಿಕೊಟ್ಟವರು ಇನ್ನೊಂದು ಬ್ಯಾಟರಿ, ಇನ್ನೂ ನಾಲ್ಕು ಪ್ಯಾನೆಲ್ ಸೇರಿಸಿ ಅಂತಿದ್ದಾರೆ. ಹಾಕಿಸಲಾ?

ತಂತಿಗಾರ:
ಸದ್ಯಕ್ಕೆ ಏನೂ ತರಿಸಬೇಡಿ. ಮೊದಲು ಎರಡು ವಿಷಯ ಹೇಳಿ. ಬಂದ್ ಆದಾಗ ಇನ್ವರ್ಟರ್ ಪರದೆ ಉರಿಯುತ್ತಾ ಇರುತ್ತದಾ, ಇಲ್ಲಾ ಪೂರ್ತಿ ಕಪ್ಪಾಗುತ್ತದಾ? ಕಂಪ್ರೆಸರ್ ಗಾಳಿ ತುಂಬಿ ನಿಂತಾಗ ‘ಟುಸ್ಸ್’ ಅಂತ ಶಬ್ದ ಬರುತ್ತದಾ?

ಹೊಲಿಗೆಮನೆ:
ನೋಡಿದೆ ಸರ್. ಮಧ್ಯಾಹ್ನ ಆದರೆ ಬೀಪ್ ಅಂತ ಕೂಗಿ ಓವರ್‌ಲೋಡ್ ಕೋಡ್ ತೋರಿಸುತ್ತದೆ, ಆಮೇಲೆ ತಾನೇ ಶುರುವಾಗುತ್ತದೆ. ಸಂಜೆ ಮೇಲೆ ಆದರೆ ಕಂಪ್ರೆಸರ್ ಓಡಲು ಶುರುವಾಗಿ ಕೆಲವು ಸೆಕೆಂಡ್ ಆದಮೇಲೆ ಪರದೆಯೇ ಕಪ್ಪು, ಬ್ಯಾಟರಿ ಮೇಲೆ ಕೆಂಪು ದೀಪ. ಟುಸ್ಸ್ ಅಂತ ಏನೂ ಬರಲ್ಲ. ಶುರುವಾಗುವಾಗ ಮೋಟಾರ್ ‘ಹೂಂ’ ಅಂತ ನರಳುತ್ತದೆ.

ತಂತಿಗಾರ:
ಹಾಗಾದರೆ ನಿಮ್ಮಲ್ಲಿ ಇರುವುದು ಒಂದು ತೊಂದರೆ ಅಲ್ಲ, ಎರಡು. ಮಧ್ಯಾಹ್ನ ಬೀಳುವುದು ಇನ್ವರ್ಟರ್. ಸಂಜೆ ಬೀಳುವುದು ಬ್ಯಾಟರಿಯ ಬಿಎಂಎಸ್, ಅಂದರೆ ಬ್ಯಾಟರಿ ಒಳಗಿರುವ ಕಾವಲು ಸರ್ಕ್ಯೂಟ್.

ಸಂಜೆಯದ್ದು ಮೊದಲು ನೋಡೋಣ. ಬಿಸಿಲು ಇಲ್ಲ, ಎಲ್ಲವೂ ಬ್ಯಾಟರಿಯಿಂದಲೇ ಬರಬೇಕು. ಇಸ್ತ್ರಿ ಎರಡೂ ಕಾಯುತ್ತಿದ್ದರೆ 2000 ವ್ಯಾಟ್, ಮಷೀನು ಲೈಟು ಫ್ಯಾನು ಸೇರಿ 900 ಅಂದುಕೊಳ್ಳಿ, ಓಡುತ್ತಿರುವ ಕಂಪ್ರೆಸರ್ 1900. ಒಟ್ಟು 4800. ಇನ್ವರ್ಟರ್‌ನಲ್ಲಿ ನೂರಕ್ಕೆ ಹತ್ತರಷ್ಟು ಹೋಗುತ್ತದೆ ಅಂತ ಹಿಡಿದರೆ ಬ್ಯಾಟರಿ ಸುಮಾರು 5300 ವ್ಯಾಟ್ ಕೊಡಬೇಕು. ಲೋಡ್ ಬಿದ್ದಾಗ ಬ್ಯಾಟರಿ 50 ವೋಲ್ಟಿಗೆ ಇಳಿದಿದೆ ಅಂದರೆ 106 ಆಂಪ್ ಆಯಿತು. 100 ಎಎಚ್ ಬ್ಯಾಟರಿಯಲ್ಲಿ ಬಿಎಂಎಸ್ ಮಿತಿ ಸಾಮಾನ್ಯವಾಗಿ 100 ಆಂಪ್ ಇರುತ್ತದೆ, ಕೆಲವದರಲ್ಲಿ 50 ಮಾತ್ರ. ಕೆಲವು ಸೆಕೆಂಡ್ ತಡೆದು ಆಮೇಲೆ ಕಟ್ ಮಾಡುತ್ತದೆ. ನೀವು ಹೇಳಿದ್ದೂ ಅದೇ ಅಲ್ವಾ? ಬ್ಯಾಟರಿ ಎಷ್ಟು ತುಂಬಿದೆ ಅನ್ನುವುದಕ್ಕೂ ಒಂದೇ ಏಟಿಗೆ ಎಷ್ಟು ಕೊಡಬಲ್ಲದು ಅನ್ನುವುದಕ್ಕೂ ಸಂಬಂಧ ಕಡಿಮೆ. ಟ್ಯಾಂಕ್ ತುಂಬಿದ್ದರೂ ನಲ್ಲಿ ಸಣ್ಣದಿದ್ದರೆ ನೀರು ಅಷ್ಟೇ ಬರುವುದು.

ಒಂದೊಂದು ಸಲ ಮಾತ್ರ ಬೀಳುವುದು ಯಾಕೆ ಅಂದರೆ ಇಸ್ತ್ರಿ ಪೆಟ್ಟಿಗೆಯಲ್ಲಿ ಥರ್ಮೋಸ್ಟಾಟ್ ಇದೆ, ಅದು ಆನ್ ಆಫ್ ಆಗುತ್ತಲೇ ಇರುತ್ತದೆ. ಎರಡೂ ಒಟ್ಟಿಗೆ ಆನ್ ಇರುವ ಹೊತ್ತಿಗೆ ಕಂಪ್ರೆಸರ್ ಶುರುವಾದರೆ ಕತೆ ಮುಗಿಯಿತು.

ಇನ್ನು ಮಧ್ಯಾಹ್ನದ್ದು. ಆಗ ಪ್ಯಾನೆಲ್ ಕೂಡ ಕೈಜೋಡಿಸುವುದರಿಂದ ಬ್ಯಾಟರಿ ಉಳಿದುಕೊಳ್ಳುತ್ತದೆ. ಆದರೆ ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 9 ಆಂಪ್ ಓಡುವ ಮೋಟಾರ್ 45 ಆಂಪ್ ಎಳೆದರೆ 230 ವೋಲ್ಟಲ್ಲಿ ಹತ್ತು ಕೆವಿಎ ದಾಟಿತು. 5 ಕಿಲೋವ್ಯಾಟ್ ಇನ್ವರ್ಟರ್ ತಡೆಯುವುದು ಹೆಚ್ಚೆಂದರೆ ಅದರ ಎರಡರಷ್ಟು, ಅದೂ ಕೆಲವೇ ಸೆಕೆಂಡ್. ಎಷ್ಟೇ ಪ್ಯಾನೆಲ್ ಹಾಕಿದರೂ ಇದು ಸರಿಹೋಗಲ್ಲ. ಬಿಲ್ ನೋಡಿ ಸಿಸ್ಟಮ್ ಲೆಕ್ಕ ಹಾಕಿದರೆ ಹೀಗೇ ಆಗುವುದು. ತಿಂಗಳಿಗೆ ಎಷ್ಟು ಯೂನಿಟ್ ಅಂತ ಬಿಲ್ಲಲ್ಲಿ ಸಿಗುತ್ತದೆ, ಯಾವ ಗಳಿಗೆಯಲ್ಲಿ ಎಷ್ಟು ಎಳೆಯಿತು ಅಂತ ಸಿಗಲ್ಲ.

ಈಗ ಮಾಡಬೇಕಾದ್ದು. ಇಸ್ತ್ರಿ ಪಾಯಿಂಟುಗಳನ್ನು ಬ್ಯಾಕಪ್ ಲೈನಿನಿಂದ ತೆಗೆಸಿ ಬರೀ ಮೇನ್ಸ್ ಕಡೆಗೆ ಹಾಕಿಸಿ. ಕಾಯಿಸುವ ಸಾಮಾನನ್ನು ಬ್ಯಾಟರಿಯಲ್ಲಿ ಓಡಿಸುವುದು ನನ್ನ ಪ್ರಕಾರ ಸುಮ್ನೆ ದಂಡ. ಆಮೇಲೆ ಕಂಪ್ರೆಸರ್. ಟುಸ್ಸ್ ಅನ್ನುವುದು ಪ್ರೆಶರ್ ಸ್ವಿಚ್ ಹತ್ತಿರದ ಅನ್‌ಲೋಡರ್ ವಾಲ್ವ್ ಬಿಡುವ ಗಾಳಿ. ಅದು ಬಿಡದಿದ್ದರೆ ಪಿಸ್ಟನ್ ತಲೆ ಮೇಲೆ ಒತ್ತಡ ಹಾಗೇ ಉಳಿಯುತ್ತದೆ, ಮುಂದಿನ ಸಲ ಮೋಟಾರ್ ಅಷ್ಟನ್ನೂ ತಳ್ಳಿಕೊಂಡೇ ಏಳಬೇಕು. ಅದಕ್ಕೇ ನರಳುವುದು. ಸ್ವಿಚ್ಚಿನಿಂದ ಟ್ಯಾಂಕ್ ಕಡೆಗೆ ಒಂದು ಸಣ್ಣ ಪೈಪ್ ಬಂದಿರುತ್ತದೆ. ಕರೆಂಟ್ ತೆಗೆದು, ಗಾಳಿ ಪೂರ್ತಿ ಖಾಲಿ ಮಾಡಿ, ಅದು ಕಟ್ಟಿಕೊಂಡಿದೆಯಾ ನೋಡಿಸಿ.

ಬಿಸಿಲುಲೆಕ್ಕ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಆದರೆ ನನಗೆ ಹೆದರಿಕೆ ಆಗಿದ್ದು ಪ್ಯಾನೆಲ್ ವಿಷಯ. ಹತ್ತೂ ಒಂದೇ ಸಾಲಿನಲ್ಲಿ ಸೀರೀಸ್ ಇದೆಯಾ? 540 ವ್ಯಾಟ್ ಪ್ಯಾನೆಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಲೋಡ್ ಇಲ್ಲದಾಗಿನ ವೋಲ್ಟೇಜ್, ಸುಮಾರು 49.5. ಹತ್ತಕ್ಕೆ 495. ಅದು 25 ಡಿಗ್ರಿಯಲ್ಲಿ. ಚಳಿ ಬಂದರೆ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ನೂರಕ್ಕೆ 0.27ರಷ್ಟು. 10 ಡಿಗ್ರಿಯ ಬೆಳಿಗ್ಗೆ 515 ಆಗುತ್ತದೆ. ಇಂಥ ಇನ್ವರ್ಟರ್‌ಗಳಲ್ಲಿ ತುಂಬಾ ಮಾದರಿಗಳ ಮಿತಿ 500 ವೋಲ್ಟ್. ಅದು ದಾಟಿದರೆ ಟ್ರಿಪ್ ಆಗಿ ಉಳಿಯುವುದಿಲ್ಲ, ಬೋರ್ಡೇ ಸುಡಬಹುದು. ಇನ್ವರ್ಟರ್ ಪಕ್ಕದ ಸ್ಟಿಕ್ಕರ್ ಓದಿ.

ಹೊಲಿಗೆಮನೆ:
ಅಯ್ಯೋ, ಒಂದೇ ಸಾಲು ಸರ್. ಸ್ಟಿಕ್ಕರಿನಲ್ಲಿ 500 ಅಂತಲೇ ಇದೆ. ಪಿವಿ (ಪ್ಯಾನೆಲ್) ಇನ್‌ಪುಟ್ ಒಂದೇ, 27 ಆಂಪ್ ಅಂತಿದೆ.

ಬಿಸಿಲುಲೆಕ್ಕ:
ಹಾಗಾದರೆ ಐದೈದರ ಎರಡು ಸಾಲು ಮಾಡಿ ಪ್ಯಾರಲಲ್ ಕೊಡಿಸಿ. ಕೆಲಸ ಮಾಡುವಾಗ 208 ವೋಲ್ಟ್, ಕರೆಂಟ್ 13 ಮತ್ತು 13 ಸೇರಿ 26. ಅಂಚಿನಲ್ಲಿದೆ, ಆದರೆ ಆಗುತ್ತದೆ. ಅಂದಮೇಲೆ ಈ ಇನ್‌ಪುಟ್‌ನಲ್ಲಿ ಇನ್ನೂ ನಾಲ್ಕು ಪ್ಯಾನೆಲಿಗೆ ಜಾಗವೇ ಇಲ್ಲ, ಆ ಮಾತು ಅಲ್ಲಿಗೇ ಬಿಡಿ. ಬದಲಾಯಿಸುವಾಗ ಬಿಸಿಲಿರುವ ಹೊತ್ತಲ್ಲಿ ಪ್ಯಾನೆಲ್ ವೈರ್ ಜೋಡಿಸುವ ಎಂಸಿ4 ಕನೆಕ್ಟರ್ ಹಾಗೇ ಎಳೆಯಲು ಬಿಡಬೇಡಿ. ಮೊದಲು ಡಿಸಿ ಐಸೊಲೇಟರ್ (ಪ್ಯಾನೆಲ್ ಲೈನ್ ಕಡಿಯುವ ಸ್ವಿಚ್) ಆಫ್ ಮಾಡಬೇಕು. ಡಿಸಿ ಕಿಡಿ ಎಸಿಯ ಹಾಗೆ ತಾನಾಗಿ ಆರುವುದಿಲ್ಲ. ಅಲ್ಲಿ ಮನೆ ಬಳಕೆಯ ಎಸಿ ಎಂಸಿಬಿ ಹಾಕಿದ್ದರೆ ಅದನ್ನೂ ತೆಗೆಸಿ.

ಹೊಲಿಗೆಮನೆ:
ಸಾಲು ಬದಲಾಯಿಸಿದರು, ಇಸ್ತ್ರಿ ಬೇರೆ ಲೈನಿಗೆ ಹೋಯಿತು. ಕಂಪ್ರೆಸರ್ ಪೈಪ್ ಬಿಚ್ಚಿದರೆ ಒಳಗೆ ಎಣ್ಣೆ ಧೂಳು ಸೇರಿ ಕಪ್ಪು ಮೇಣದ ಹಾಗೆ ಕಟ್ಟಿಕೊಂಡಿತ್ತು. ತೆಗೆದ ಮೇಲೆ ಟುಸ್ಸ್ ಅಂತಿದೆ, ನರಳಾಟ ಇಲ್ಲ, ಸಂಜೆ ಬಂದ್ ಆಗುವುದು ನಿಂತಿದೆ. ಮಧ್ಯಾಹ್ನ ಅಪರೂಪಕ್ಕೆ ಒಮ್ಮೆ ಬೀಪ್ ಅನ್ನುತ್ತದೆ. ಒಂದೇ ಬ್ಯಾಟರಿ ಎರಡು ಗಂಟೆ ಬರುತ್ತದಾ?

ತಂತಿಗಾರ:
ಬರುತ್ತದೆ. 5.12 ಯೂನಿಟ್ ಬ್ಯಾಟರಿಯಲ್ಲಿ ನೂರಕ್ಕೆ 80 ಬಳಸಿದರೆ 4.1, ಇನ್ವರ್ಟರ್ ನಷ್ಟ ಕಳೆದರೆ 3.7. ನಿಮ್ಮ ಲೋಡ್ 900 ವ್ಯಾಟ್, ಮೂರರಲ್ಲಿ ಒಂದು ಪಾಲು ಹೊತ್ತು ಓಡುವ ಕಂಪ್ರೆಸರ್ ಸೇರಿ ಸರಾಸರಿ 1500. ಎರಡು ಗಂಟೆಗೆ 3 ಯೂನಿಟ್. ಆದರೆ ಸೆಟ್ಟಿಂಗ್ ಎಸ್‌ಬಿಯು (ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಮೇನ್ಸ್) ಇದ್ದರೆ ಇನ್ವರ್ಟರ್ ಮೇನ್ಸ್ ಇದ್ದಾಗಲೂ ಬ್ಯಾಟರಿ ಬಳಸಿ ಖಾಲಿ ಮಾಡಿರುತ್ತದೆ, ಕರೆಂಟ್ ಹೋದಾಗ ಏನೂ ಇರಲ್ಲ. ಮೇನ್ಸಿಗೆ ಮರಳುವ ಬ್ಯಾಟರಿ ಮಟ್ಟವನ್ನು ನೂರಕ್ಕೆ 80ಕ್ಕಿಂತ ಕೆಳಗೆ ಇಡಬೇಡಿ.

ಮಧ್ಯಾಹ್ನದ ಬೀಪ್ ಪೂರ್ತಿ ಹೋಗಬೇಕಾದರೆ ಕಂಪ್ರೆಸರಿಗೆ 2 ಎಚ್‌ಪಿ ತ್ರೀ ಫೇಸ್ ಮೋಟಾರ್ ಹಾಕಿ, ಸಿಂಗಲ್ ಫೇಸ್ ಇನ್‌ಪುಟ್ ತೆಗೆದುಕೊಳ್ಳುವ ವಿಎಫ್‌ಡಿ, ಅಂದರೆ ಮೋಟಾರ್ ವೇಗ ಹಿಡಿತದಲ್ಲಿಡುವ ಡ್ರೈವ್, ಕೊಡಿಸಿ. ನಿಧಾನಕ್ಕೆ ವೇಗ ಏರಿಸುತ್ತದೆ, ಆ ಐದು ಪಟ್ಟಿನ ಏಟೇ ಇರಲ್ಲ. ಈಗಿನ ಸಿಂಗಲ್ ಫೇಸ್ ಮೋಟಾರಿಗೇ ವಿಎಫ್‌ಡಿ ಹಾಕುತ್ತೇವೆ ಅಂದರೆ ಒಪ್ಪಬೇಡಿ, ಒಳಗೆ ಕೆಪಾಸಿಟರ್ ಇರುವ ಮೋಟಾರಿಗೆ ಅದು ಆಗಿಬರಲ್ಲ.

ಮುಂದೆ ಯಾವಾಗಲಾದರೂ ಎರಡನೇ ಬ್ಯಾಟರಿ ತಂದರೆ ಅದೇ ಮಾದರಿ ತನ್ನಿ. ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ವೋಲ್ಟೇಜ್ ಸಮ ಇದೆಯಾ ನೋಡಿದ ಮೇಲೆಯೇ ಜೋಡಿಸಿ. ಪ್ಲಸ್ ಒಂದು ಬ್ಯಾಟರಿಯಿಂದ, ಮೈನಸ್ ಇನ್ನೊಂದರಿಂದ ತೆಗೆಸಿ, ಇಲ್ಲದಿದ್ದರೆ ಹತ್ತಿರದ್ದೇ ಜಾಸ್ತಿ ದುಡಿದು ಬೇಗ ಸೊರಗುತ್ತದೆ.