ನಾನೇ ಕೋಚ್, ಮಗಳು ನನ್ನದೇ ತಂಡದಲ್ಲಿ. ನೀವು ಹೇಗೆ ನಿಭಾಯಿಸಿದಿರಿ?

ಪ್ರಶ್ನೆ: ಹೊಸದಾಗಿ ಕೋಚ್ ಆದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಕ್ಕಳ ತಂಡ ನೋಡಿಕೊಳ್ಳುವ ಅಪ್ಪ ಅಮ್ಮಂದಿರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಮಗಳಿಗೆ 9 ವರ್ಷ. ಎರಡು ವರ್ಷದಿಂದ ಫುಟ್‌ಬಾಲ್ ತಂಡದಲ್ಲಿದ್ದಾಳೆ. ಇಷ್ಟು ದಿನ ಕೋಚ್ ಆಗಿದ್ದವರು ತಂಡದ ಒಬ್ಬ ಹುಡುಗನ ಅಪ್ಪ. ಅವರಿಗೆ ಬೇರೆ ಊರಿಗೆ ವರ್ಗ ಆಯಿತು. ಯಾರಾದರೂ ಮುಂದೆ ಬನ್ನಿ, ಇಲ್ಲದಿದ್ದರೆ ಈ ಸೀಸನ್‌ಗೆ ತಂಡ ಇರುವುದಿಲ್ಲ ಎಂದು ಪೋಷಕರ ಮೀಟಿಂಗ್‌ನಲ್ಲಿ ಹೇಳಿದರು. ಎಲ್ಲರೂ ಮೊಬೈಲ್ ನೋಡತೊಡಗಿದರು. ಮಗಳು ಕಿಟಕಿಯ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಕೈ ಎತ್ತಿದೆ.

ಆಟ ನನಗೆ ತಕ್ಕಮಟ್ಟಿಗೆ ಗೊತ್ತು, ಕಾಲೇಜಿನಲ್ಲಿ ಆಡಿದ್ದೇನೆ. 12 ಮಕ್ಕಳನ್ನು ಒಂದೂವರೆ ಗಂಟೆ ಸಂಭಾಳಿಸುವುದೂ ನಿಧಾನಕ್ಕೆ ರೂಢಿಯಾಗುತ್ತಿದೆ. ಆಗದೆ ಇರುವುದು ನನ್ನ ಮಗಳ ವಿಷಯ ಒಂದೇ.

ಮೊದಲ ಮ್ಯಾಚ್‌ನಲ್ಲಿ ಅವಳನ್ನು ಫಾರ್ವರ್ಡ್ ಆಡಿಸಿದೆ. ಹಿಂದಿನ ಕೋಚ್ ಇದ್ದಾಗಲೂ ಅವಳು ಅಲ್ಲೇ ಆಡುತ್ತಿದ್ದಳು. ಗೆರೆಯ ಆಚೆಯಿಂದ ಯಾರೋ ಹೇಳಿದ್ದು ಕಿವಿಗೆ ಬಿತ್ತು: "ಕೋಚ್ ಮಗಳಲ್ವಾ, ಮತ್ತೆ ಇನ್ನೇನು." ಆ ಮಾತು ವಾರವಿಡೀ ಕೊರೆಯಿತು. ಮುಂದಿನ ಮ್ಯಾಚ್‌ನಲ್ಲಿ ಅವಳನ್ನು ಬೆಂಚ್ ಮೇಲೆ ಕೂರಿಸಿಬಿಟ್ಟೆ. 50 ನಿಮಿಷದ ಆಟದಲ್ಲಿ ಅವಳು ಆಡಿದ್ದು 11 ನಿಮಿಷ. ಮನೆಗೆ ಬರುವಾಗ ಹಿಂದಿನ ಸೀಟಿನಲ್ಲಿ ಮೊಣಕಾಲ ಕೆಳಗೆ ಕಟ್ಟುವ ಶಿನ್‌ಗಾರ್ಡ್ ಕೂಡ ಬಿಚ್ಚದೆ ಕೂತಿದ್ದಳು. ಸಿಗ್ನಲ್‌ನಲ್ಲಿ ನಿಂತಾಗ ಕೇಳಿದಳು: "ಅಮ್ಮ, ನಾನೇನು ತಪ್ಪು ಮಾಡಿದೆ?"

ಏನೂ ಇಲ್ಲ ಪುಟ್ಟಿ ಎಂದೆ. ಆದರೆ ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಅವಳನ್ನು ಎಷ್ಟು ಆಡಿಸಬೇಕು? ಬೇರೆ ಪೋಷಕರಿಗೆ ಏನು ಹೇಳಬೇಕು? ಇನ್ನೊಬ್ಬರಿಗೆ ಬಿಟ್ಟುಕೊಡೋಣ ಎಂದರೆ ಇನ್ನೊಬ್ಬರು ಇಲ್ಲ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಉತ್ತರ 1: ಆರು ಸೀಸನ್ ಕೋಚ್ ಆಗಿದ್ದ ಅಪ್ಪ

ನಿಮ್ಮ ಮಗಳು ಸಿಗ್ನಲ್‌ನಲ್ಲಿ ಕೇಳಿದ ಪ್ರಶ್ನೆಯನ್ನು ನನ್ನ ಮಗ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಸುಮ್ಮನೆ ಶೂ ಲೇಸ್ ಕಟ್ಟತೊಡಗಿದ. ಮೈದಾನಕ್ಕೆ ಕಳಿಸುವ ಹೊತ್ತಿಗೆ ಬಗ್ಗಿ ಲೇಸ್ ಬಿಚ್ಚುವುದು, ಮತ್ತೆ ಕಟ್ಟುವುದು. ಒಂದು ದಿನ ಮೂರು ಸಲ ಕಟ್ಟಿದ. ಮೂರನೇ ಸಲ "ಬೇಗ ಕಟ್ಟೋ!" ಎಂದು ನಾನೇ ಕೂಗಿದೆ. ಒಳಗೆ ಹೋಗಲು ಅವನಿಗೆ ಭಯ ಎಂದು ನನಗೆ ಹೊಳೆಯಲೇ ಇಲ್ಲ.

ನನಗೆ ಕಣ್ಣು ತೆರೆಸಿದ್ದು ನನ್ನ ಜೊತೆ ಸಹಾಯಕ್ಕೆ ಬರುತ್ತಿದ್ದ ಇನ್ನೊಬ್ಬ ಹುಡುಗನ ಅಪ್ಪ. ಒಂದು ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಒಂದು ಚೀಟಿ ಕೈಗಿಟ್ಟರು. ನಾನು ಯಾವ ಹುಡುಗನನ್ನು ಎಷ್ಟು ಸಲ ಹೆಸರು ಹಿಡಿದು ಕೂಗಿ ತಿದ್ದಿದೆ ಎಂದು ಗೆರೆ ಹಾಕಿಟ್ಟಿದ್ದರು. ಬೇರೆಯವರಿಗೆ ಎರಡು, ಮೂರು. ನನ್ನ ಮಗನಿಗೆ 14. ಪಕ್ಷಪಾತ ಮಾಡಬಾರದು ಎಂದು ಅಷ್ಟು ಹೆದರಿದ್ದೆ ನೋಡಿ, ಇಡೀ ತಂಡದ ತಪ್ಪನ್ನೆಲ್ಲ ಅವನ ತಲೆಗೇ ಕಟ್ಟಿದ್ದೆ. 11ನೇ ವಯಸ್ಸಿಗೆ ಅವನು ಆಟ ಬಿಟ್ಟ. ಒಂದು ವರ್ಷದ ಮೇಲೆ ಬೇರೆ ತಂಡಕ್ಕೆ ಸೇರಿದ. ಅಲ್ಲಿ ನಾನು ನೀರಿನ ಕ್ಯಾನ್ ಹೊರುವ ಅಪ್ಪ ಅಷ್ಟೇ. ಆಮೇಲೆ ಮಗಳ ತಂಡಕ್ಕೆ ಕೋಚ್ ಆದಾಗ ಕೆಲವು ವಿಷಯ ಬದಲಾಯಿಸಿದೆ.

ಮೊದಲನೆಯದು ನಿಮಿಷದ ಲೆಕ್ಕ. ನಿಮ್ಮದು 50 ನಿಮಿಷದ ಆಟ, ಅಂದರೆ 7 ಜನರ ತಂಡ ಇರಬೇಕು. ಏಳು ಐವತ್ತಲೆ 350 ನಿಮಿಷ. 12 ಮಕ್ಕಳಿಗೆ ಹಂಚಿದರೆ ಒಬ್ಬರಿಗೆ ಸುಮಾರು 29. ಆಟವನ್ನು ಸುಮಾರು ಎಂಟೆಂಟು ನಿಮಿಷದ ಆರು ತುಂಡು ಮಾಡಿ. ಒಟ್ಟು 42 ಜಾಗ ಸಿಗುತ್ತವೆ. ಆರು ಮಕ್ಕಳಿಗೆ ನಾಲ್ಕು ತುಂಡು, ಇನ್ನಾರು ಮಕ್ಕಳಿಗೆ ಮೂರು ತುಂಡು. ಈ ವಾರ ಮೂರು ಸಿಕ್ಕವರಿಗೆ ಮುಂದಿನ ವಾರ ನಾಲ್ಕು. ಗೋಲ್‌ಕೀಪರ್, ಡಿಫೆನ್ಸ್, ಫಾರ್ವರ್ಡ್ ಎಲ್ಲವೂ ಸರದಿ ಮೇಲೆ. ಇದನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದಿಡಿ. ಮೈದಾನದಲ್ಲಿ ನಿಂತು ಯೋಚಿಸಿದರೆ ತಲೆ ಓಡುವುದಿಲ್ಲ, ಯಾರು ಜೋರಾಗಿ ಕೂಗುತ್ತಾರೋ ಅವರ ಮಾತು ನಡೆಯುತ್ತದೆ. ಆ ಕಾಗದದಲ್ಲಿ ನಿಮ್ಮ ಮಗಳು ಹನ್ನೆರಡರಲ್ಲಿ ಒಬ್ಬಳು. ಯಾರು ಕೇಳಿದರೂ ಕಾಗದ ಕೈಗೆ ಕೊಡಿ. ನಾನು ಅದನ್ನು ಪೋಷಕರ ಗುಂಪಿಗೇ ಕಳಿಸುತ್ತಿದ್ದೆ. ಗೊಣಗಾಟ ಪೂರ್ತಿ ನಿಲ್ಲಲಿಲ್ಲ, ಆದರೆ "ಕೋಚ್ ಮಗಳು" ಎನ್ನುವ ಮಾತು ನಿಂತಿತು.

ಎರಡನೆಯದು, ಜೊತೆಗೆ ಇನ್ನೊಬ್ಬ ಪೋಷಕರನ್ನು ಕರೆದುಕೊಳ್ಳಿ. ಕೋಚ್ ಆಗಿ ಎಂದರೆ ಯಾರೂ ಬರುವುದಿಲ್ಲ. "ಗುರುವಾರ ಕೋನ್ ಇಡಲು ಬರುತ್ತೀರಾ?" ಎಂದು ಒಬ್ಬರನ್ನೇ ಹೆಸರು ಹಿಡಿದು ಕೇಳಿ, ಬರುತ್ತಾರೆ. ನಿಮ್ಮ ಮಗಳ ಆಟ ತಿದ್ದುವ ಕೆಲಸ ಅವರಿಗೆ ಕೊಡಿ. ಅವರ ಮಗುವಿನದು ನೀವು ನೋಡಿಕೊಳ್ಳಿ.

ಮೂರನೆಯದು ಕಾರು. ಕಾರಿನಲ್ಲಿ ಆಟದ ಮಾತು ಬೇಡ. ಅವಳೇ ಎತ್ತಿದರೆ ಮಾತ್ರ, ಅವಳು ಎತ್ತಿದಷ್ಟು ಮಾತ್ರ. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಬಾಯಿ ತುದಿಗೆ ಬಂದಿರುತ್ತದೆ, ಆ ಪಾಸ್ ಎಡಗಾಲಲ್ಲಿ ಕೊಡಬೇಕಿತ್ತು ಅಂತ. ಕೊನೆಗೆ ಒಂದು ಉಪಾಯ ಮಾಡಿದೆ. ಮೈದಾನದಿಂದ ಹೊರಡುವಾಗ ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಚೀಲದೊಳಗೆ ಹಾಕುತ್ತಿದ್ದೆ, ಮಗಳ ಕಣ್ಣೆದುರಿಗೇ. ಸೀಟಿ ಚೀಲದಲ್ಲಿದ್ದರೆ ನಾನು ಅಪ್ಪ. ಅದು ಅವಳಿಗಿಂತ ನನಗೇ ಜಾಸ್ತಿ ಬೇಕಿತ್ತು.

ಉತ್ತರ 2: ಅಪ್ಪನ ಕೈಕೆಳಗೆ ವಾಲಿಬಾಲ್ ಆಡಿದವಳು

ಮೇಲೆ ಬರೆದವರ ಮಾತು ಸರಿ. ಆದರೆ ಮಗಳನ್ನು ತಿದ್ದುವುದನ್ನು ಪೂರ್ತಿ ಬೇರೆಯವರಿಗೆ ಬಿಡಿ ಎನ್ನುವುದಕ್ಕೆ ಒಂದು ಮಾತು ಸೇರಿಸಬೇಕು.

ನಮ್ಮಪ್ಪ ಐದು ವರ್ಷ ನನ್ನ ಕೋಚ್. ಬಹಳ ನ್ಯಾಯವಾಗಿದ್ದರು. ಸೋತ ದಿನ ಪ್ರತಿ ಹುಡುಗಿಯ ಹತ್ತಿರ ಹೋಗಿ, ಎದುರಿಗೆ ಮಂಡಿಯೂರಿ ಕೂತು, ಇವತ್ತು ನೀನು ಇದನ್ನು ಚೆನ್ನಾಗಿ ಮಾಡಿದೆ ಎಂದು ಒಂದೊಂದು ಮಾತು ಹೇಳುತ್ತಿದ್ದರು. ನನ್ನ ಹತ್ತಿರ ಬಂದಾಗ ದಾಟಿ ಹೋಗುತ್ತಿದ್ದರು. ಮನೆಯಲ್ಲಿ ಹೇಳಿದರಾಯಿತು ಎಂದು ಅವರ ಲೆಕ್ಕ. ಮನೆಯಲ್ಲಿ ಆಟದ ಮಾತು ಬೇಡ ಎಂಬ ನಿಯಮವೂ ಅವರದೇ. ಹಾಗಾಗಿ ಎಲ್ಲರಿಗೂ ಸಿಕ್ಕ ಆ ಒಂದು ಮಾತು ನನಗೆ ಎಲ್ಲಿಯೂ ಸಿಗಲಿಲ್ಲ. ಸಾಲಿನಲ್ಲಿ ನನ್ನ ಸರದಿ ಹತ್ತಿರ ಬಂದಾಗ ಎದೆ ಡವಡವ ಎನ್ನುತ್ತಿದ್ದುದು ಈಗಲೂ ನೆನಪಿದೆ.

ಇದನ್ನು ಅಪ್ಪನಿಗೆ ಹೇಳಿದ್ದು ನನಗೆ 30 ದಾಟಿದ ಮೇಲೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ನಿಮ್ಮ ಮಗಳ ಎದುರಿಗೂ ಕೂತುಕೊಳ್ಳಿ ಮೇಡಂ. ಉಳಿದವರಷ್ಟೇ ಹೊತ್ತು, ಎಲ್ಲರಿಗೂ ಕಾಣುವ ಹಾಗೆ.

ಉತ್ತರ 3: ಮಕ್ಕಳ ಶಿಬಿರಗಳಲ್ಲಿ ಕೆಲಸ ಮಾಡುವ ಫಿಸಿಯೋ

ಮನಸ್ಸಿನ ವಿಷಯ ಮೇಲಿನವರು ಹೇಳಿದ್ದಾರೆ. ಹೊಸ ಕೋಚ್ ಆಗಿರುವುದರಿಂದ ಮೈಯ ವಿಷಯ ಬೇಗ ಹೇಳಿಬಿಡುತ್ತೇನೆ. ಈ ವಯಸ್ಸಿಗೆ 4ನೇ ಸೈಜ್ ಚೆಂಡು, ದೊಡ್ಡವರ 5ನೇ ಸೈಜ್ ಬೇಡ. ವಾರ್ಮಪ್ ಬಿಡಬೇಡಿ. ಫಿಫಾದ 11+ ಕಿಡ್ಸ್ ಎಂಬ ವ್ಯಾಯಾಮದ ಕ್ರಮ ಇದೆ, 15-20 ನಿಮಿಷದ್ದು. ಯುರೋಪಿನ ನಾಲ್ಕು ದೇಶಗಳಲ್ಲಿ ಅದನ್ನು ಮಕ್ಕಳ ಮೇಲೆ ಪರೀಕ್ಷಿಸಿದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮಾಡಿದ ತಂಡಗಳಲ್ಲಿ ಪೆಟ್ಟಾಗುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಚೆಂಡನ್ನು ತಲೆಯಿಂದ ಹೊಡೆಯುವುದನ್ನು ಈಗಲೇ ಕಲಿಸಬೇಡಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷದವರೆಗಿನ ಮಕ್ಕಳಿಗೆ ಅದನ್ನು 2015ರಲ್ಲೇ ನಿಲ್ಲಿಸಿತು.

ತಲೆಗೆ ಪೆಟ್ಟಾಗಿ ಮಗು ಮಂಕಾಗಿ ಕಂಡರೆ, ತಲೆ ಸುತ್ತುತ್ತಿದೆ ಎಂದರೆ, ವಾಂತಿ ಬಂದ ಹಾಗೆ ಅಂದರೆ ಆಟದಿಂದ ಹೊರಗೆ. ಅವತ್ತು ಮತ್ತೆ ಒಳಗೆ ಕಳಿಸಲೇಬಾರದು, ಡಾಕ್ಟರಿಗೆ ತೋರಿಸಬೇಕು. ಮಗು ಅತ್ತರೂ ಅಷ್ಟೇ, ಅಪ್ಪ ಬಂದು ಜಗಳ ಮಾಡಿದರೂ ಅಷ್ಟೇ. ಇದರಲ್ಲಿ ನಿಮ್ಮ ಮಗಳು, ಬೇರೆಯವರ ಮಗಳು ಎಂಬ ಲೆಕ್ಕವೇ ಬರುವುದಿಲ್ಲ.

ಉತ್ತರ 4: ಸ್ಕೌಟ್ ದಳ ನೋಡಿಕೊಳ್ಳುವ ಅಮ್ಮ

ನನ್ನದು ಆಟದ ತಂಡ ಅಲ್ಲ, ಆದರೆ ಕಷ್ಟ ಒಂದೇ. ನನ್ನ ಮಗ ನಾನು ನೋಡಿಕೊಳ್ಳುವ ದಳದಲ್ಲೇ ಇದ್ದಾನೆ. ನಮಗೆ ಒಂದು ಅನುಕೂಲ ಇದೆ, ಪ್ಯಾಟ್ರೋಲ್ ಪದ್ಧತಿ, ಅಂದರೆ ಸಣ್ಣ ಗುಂಪುಗಳ ಪದ್ಧತಿ. ಸ್ಕೌಟ್ ಶುರು ಮಾಡಿದ ಬೇಡನ್ ಪವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗಲೇ ಹುಡುಗರನ್ನು ಸಣ್ಣ ಸಣ್ಣ ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ಹುಡುಗನನ್ನೇ ನಾಯಕ ಮಾಡಿದ್ದರು. ನನ್ನ ಮಗನ ನಾಯಕಿ 13 ವರ್ಷದ ಹುಡುಗಿ. ಟೆಂಟಿನ ಗಂಟು ಸಡಿಲವಾದರೆ ಅವಳು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಾಳೆ. ನಾನು ದೂರ ನಿಂತಿರುತ್ತೇನೆ. ನಿಮ್ಮ ತಂಡದಲ್ಲೂ ವಾರ್ಮಪ್ ನಡೆಸಲು ವಾರಕ್ಕೆ ಇಬ್ಬರು ಮಕ್ಕಳಿಗೆ ಕೊಟ್ಟು ನೋಡಿ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಜೊತೆಗೆ ಇನ್ನೊಬ್ಬರನ್ನು ಕರೆದುಕೊಳ್ಳಿ ಎಂದರಲ್ಲ, ಅದು ಸಹಾಯಕ್ಕೆ ಮಾತ್ರ ಅಲ್ಲ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಬೇರೆಯವರ ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ನೀವೊಬ್ಬರೇ ಇರಬೇಡಿ. ಮಗುವಿಗೆ ಹೇಳಬೇಕಾದ ಸಂದೇಶವನ್ನು ಪೋಷಕರೂ ಇರುವ ಗುಂಪಿನಲ್ಲೇ ಹಾಕಿ. ನಮ್ಮ ಮೇಲೆ ಯಾರಿಗೋ ಅನುಮಾನ ಅಂತಲ್ಲ. ನಾಳೆ ನಮ್ಮ ಜಾಗಕ್ಕೆ ಯಾರು ಬಂದರೂ ಮಕ್ಕಳಿಗೆ ಇದೇ ಅಭ್ಯಾಸ ಇರಬೇಕು.

ಪ್ರಶ್ನೆ ಕೇಳಿದವರಿಂದ, ಎರಡು ವಾರದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡನೇ ಉತ್ತರವನ್ನು ರಾತ್ರಿ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ.

ಕಾಗದ ಮಾಡಿದೆ. ಆರು ತುಂಡು, 42 ಜಾಗ. ಶುಕ್ರವಾರ ರಾತ್ರಿ ಪೋಷಕರ ಗುಂಪಿಗೆ ಕಳಿಸಿದೆ. ಒಬ್ಬ ತಾಯಿ ಫೋನ್ ಮಾಡಿ "ಹೀಗೆ ಸಮಪಾಲು ಮಾಡಿದರೆ ಗೆಲ್ಲೋದು ಯಾವಾಗ?" ಎಂದು ಕೇಳಿದರು. ಈ ವಯಸ್ಸಿನಲ್ಲಿ ಎಲ್ಲರೂ ಆಡಲಿ ಎಂಬುದು ನನ್ನ ತೀರ್ಮಾನ ಎಂದೆ. ಅವರಿಗೆ ಒಪ್ಪಿಗೆ ಆಗಲಿಲ್ಲ, ಆದರೆ ಮಗನನ್ನು ಕರೆದುಕೊಂಡು ಬಂದರು. ಕೋನ್ ಇಡಲು ಒಬ್ಬರನ್ನು ಹೆಸರು ಹಿಡಿದು ಕೇಳಿದೆ. ಮೊದಲ ದಿನ ಗೆರೆಯ ಆಚೆಯಿಂದ ಆ ಮಾತು ಆಡಿದ್ದು ಅವರೇ ಇರಬೇಕು ಎಂದು ನನ್ನ ಅಂದಾಜು. ಈಗ ವಾರಕ್ಕೆ ಎರಡು ದಿನ ನನಗಿಂತ ಮೊದಲೇ ಬಂದು ನಿಂತಿರುತ್ತಾರೆ.

ಶನಿವಾರ 3-1ರಲ್ಲಿ ಸೋತೆವು. ಮಗಳಿಗೆ ಸಿಕ್ಕಿದ್ದು ಮೂರು ತುಂಡು, ಅದರಲ್ಲಿ ಒಂದು ಗೋಲ್‌ಕೀಪರ್. ಮುಗಿದ ಮೇಲೆ ಹನ್ನೆರಡೂ ಮಕ್ಕಳ ಎದುರು ಒಬ್ಬೊಬ್ಬರಾಗಿ ಕೂತೆ. ಅವಳು ಸಾಲಿನ ಕೊನೆಯಲ್ಲಿ ನಿಂತಿದ್ದಳು, ಬೇಕೆಂದೇ ಅನ್ನಿಸುತ್ತದೆ. ಎರಡನೇ ತುಂಡಿನಲ್ಲಿ ನೀನು ಗೋಲಿಗೆ ಹೊಡೆಯದೆ ಪಾಸ್ ಕೊಟ್ಟೆಯಲ್ಲ, ಅದನ್ನು ನೋಡಿದೆ ಎಂದೆ. ತಲೆ ಆಡಿಸಿದಳು, ಅಷ್ಟೇ.

ಕಾರಿನ ಹತ್ತಿರ ಸೀಟಿ ತೆಗೆದು ಚೀಲಕ್ಕೆ ಹಾಕಿದೆ. ಜಿಪ್ ಅವಳೇ ಎಳೆದಳು. ದಾರಿಯುದ್ದಕ್ಕೂ ಗೆಳತಿಯ ಹೊಸ ಸೈಕಲ್ ಬಗ್ಗೆ ಮಾತಾಡಿದಳು, ಆಟದ ಮಾತೇ ಇಲ್ಲ. ಅದೇ ಸಿಗ್ನಲ್‌ನಲ್ಲಿ ನಿಂತಾಗ ಶಿನ್‌ಗಾರ್ಡ್ ಬಿಚ್ಚುವ ಸದ್ದು ಹಿಂದಿನ ಸೀಟಿನಿಂದ ಕೇಳಿಸಿತು.