ರಿಟೈರ್ ಆದ ಮ್ಯಾಲ ಖುರಾನ್ ಕಲೀಲತ್ತೀನಿ, ನಾಲಿಗಿ ಹೊರಳವಲ್ದು

ಪ್ರಶ್ನೆ (ಕಲಬುರಗಿ): ಬಸ್ ಡ್ಯೂಟಿ ಮುಗೀತು. ಈಗ ರಾತ್ರಿ ಇಶಾ ನಮಾಜ್ ಆದ ಮ್ಯಾಲ ಮಸೀದ್ಯಾಗ ದೊಡ್ಡವರ ಕ್ಲಾಸಿಗೆ ಹೋಗ್ಲತ್ತೀನಿ. ಅರಬ್ಬಿ ಅಕ್ಷರದಾಗ ಬಡಾ ಖಾಫ್, ಬಡೀ ಹೇ, ಐನ್ ಮೂರೂ ಬರವಲ್ವು. ಕಲಿಸೋ ಹಾಫಿಜ್ ಸಾಬ್ ನನ್ನ ಮಗನ ವಯಸ್ಸಿನವರು, ಮತ್ತ ಮತ್ತ ತಿದ್ದಿಸ್ಕೊಳ್ಳಲಾಕ ನಾಚ್ಕಿ. ಹಿಂಗ ಕಲಿತವರು ಇದ್ರ ಹೇಳ್ರಿ.

ಉತ್ತರ (ಕಲಬುರಗಿ): ಕಾಕಾ, ನಾಚ್ಕಿ ಚಪ್ಪಲಿ ಜೋಡಿ ಹೊರಗ ಬಿಟ್ಟು ಹೋಗ್ರಿ. ತಡವರಿಸಿ ಕಷ್ಟಪಟ್ಟು ಓದೋರಿಗೆ ಎರಡು ಪಟ್ಟು ಸವಾಬ್ (ಪುಣ್ಯ) ಅಂತ ಬುಖಾರಿ, ಮುಸ್ಲಿಂ ಎರಡೂ ಗ್ರಂಥದಾಗ ಹದೀಸ್ (ಪೈಗಂಬರರ ಮಾತು) ಅದ. ಹಂಗಂತ ತಿದ್ಕೊಳ್ಳೋದು ಬಿಡಬ್ಯಾಡ್ರಿ.

ನಮ್ಮ ಕಡಿ ಮಂದಿಗೆ ಬಡಾ ಖಾಫೇ ದೊಡ್ಡ ತೊಡಕು. ಕಾರಣ ನಮ್ಮ ದಖ್ಖನಿ ಉರ್ದು. ಮನ್ಯಾಗ, ಬಜಾರದಾಗ ಆ ಖಾಫನ್ನ 'ಖೇ' ಅನ್ನೋ ಬ್ಯಾರೆ ಅಕ್ಷರ ಮಾಡೇ ಮಾತಾಡ್ತೀವಿ, ಹಂಗಾಗಿ ಕಿವಿಗೇ ಫರಕ್ ತಿಳಿಯಂಗಿಲ್ಲ. 'ಖೇ' ಅಂದಾಗ ಉಸಿರು ಗಂಟಲಕ್ಕ ತಿಕ್ಕಾಡ್ಕೋತ ಹರೀತದ. ಬಡಾ ಖಾಫ್‌ಗೆ ನಾಲಿಗಿ ಬುಡ ಹಿಂದಕ್ಕ ಹೋಗಿ ಕಿರುನಾಲಿಗಿ ಹತ್ರ ಗಟ್ಟಿ ಅಂಟಬೇಕು, ಉಸಿರು ಪೂರಾ ನಿಲ್ಲಬೇಕು, ಆಮ್ಯಾಲ ಬಿಡಬೇಕು.

ಇದಕ್ಕ ಖುರಾನಿನ ಸೂರೆ (ಅಧ್ಯಾಯ) ಫಲಕ್ ಹಿಡೀರಿ. ಐದೇ ಆಯತ್ (ವಚನ). ಎರಡನೇ ಆಯತಿನ ಕೊನೀ ಮಾತು 'ಖಲಕ್'. ಶುರುವಿಗೆ ಖೇ, ಕೊನಿಗೆ ಬಡಾ ಖಾಫ್. ನಮ್ಮವರು 'ಖಲಖ್' ಅಂದುಬಿಡ್ತಾರ. ಬಾಯಿ ಮುಂದ ಅಂಗೈ ಇಟ್ಕೊಂಡು ಅದೊಂದೇ ಮಾತು ನಿಧಾನಕ್ಕ ಅನ್ರಿ. ಕೊನಿಗೂ ಉಸಿರು ಅಂಗೈಗೆ ಹರೀಲತ್ತಿತ್ತಂದ್ರ ಖಾಫ್ ಇನ್ನೂ ಬಂದಿಲ್ಲ. ಅಲ್ಲಿ ನಿಂತಾಗ ಸಣ್ಣ ಮರುದನಿ ಬರಬೇಕು, ಖಲ್ಖಲಾ ಅಂತಾರ. ಆ ಸೂರೆಯ ಐದೂ ಆಯತ್ ಮುಗಿಯೋದು ಖಲ್ಖಲಾದ ಅಕ್ಷರದಾಗೇ: ಖಾಫ್, ಖಾಫ್, ಬೇ, ದಾಲ್, ದಾಲ್. ಇದಕ್ಕಿಂತ ಛಲೋ ಪಾಠ ಬ್ಯಾರೆ ಸಿಗಂಗಿಲ್ಲ.

ಬಡೀ ಹೇ ಸಸಾರ. ಕನ್ನಡಕದ ಗಾಜಿಗೆ ಬಿಸಿ ಉಸಿರು ಬಿಡ್ತೀರಲ್ಲ, ಹಂಗ ಬಿಡ್ರಿ, ಖರೇ ಗಂಟಲ ನಡು ಒಂಚೂರು ಬಿಗಿ ಇರಲಿ. ಐನ್ ಹುಟ್ಟೋ ಜಾಗಾನೂ ಅದೇ. ಅಲ್ಲೇ ದನಿ ಸೇರಿಸಿದ್ರ ಐನ್. ಜೋರು ಮಾಡಬ್ಯಾಡ್ರಿ, ವಾಕರಿಕೆ ಬರ್ತದ.

ಉತ್ತರ (ಬೀದರ್): ಭಾಯಿ, ಹಲ್ಲಿನ ಸೆಟ್ ಹಾಕ್ಕೊಂಡೀರೇನು? ನಮ್ಮ ಅಮ್ಮೀಗೆ ಅದೇ ತ್ರಾಸ್ ಇತ್ತು. ಸೇ, ಜಾಲ್, ಜೋಯ್ ಮೂರೂ ಅಕ್ಷರಕ್ಕ ನಾಲಿಗಿ ತುದಿ ಮ್ಯಾಲಿನ ಮುಂದಿನ ಹಲ್ಲಿನ ಅಂಚಿಗೆ ತಾಗಬೇಕು. ಸೆಟ್ ಸಡ್ಲಿದ್ರ ಸೀಟಿ ಹೊಡದಂಗಾಗ್ತದ. ಮೊದ್ಲು ಡಾಕ್ಟರ್ ಹತ್ರ ಸರಿ ಮಾಡಿಸ್ರಿ. ಮತ್ತ ಬಾಯಾಗ ಎಲಿ-ಅಡಿಕಿ ಇಟ್ಕೊಂಡು ಕ್ಲಾಸಿಗೆ ಬರೋ ಗಂಡಸರಿಗೆ ನಾ ಏನೂ ಹೇಳಂಗಿಲ್ಲ!

ಉತ್ತರ (ಯಾದಗಿರಿ): ಕನ್ನಡದಾಗ ಬರ್ಕೊಂಡು ಓದೋದು ಬಿಡ್ರಿ. ಸೇ, ಸೀನ್, ಸ್ವಾದ್ ಮೂರಕ್ಕೂ 'ಸ' ಬರೀತೀವಿ. ಜಾಲ್, ಜೇ, ಜ್ವಾದ್, ಜೋಯ್ ನಾಲ್ಕಕ್ಕೂ 'ಜ'. ಕಣ್ಣು ಅದಕ್ಕ ಹೊಂದ್ಕೊಂಡ್ರ ನಾಲಿಗಿ ಬದಲಾಗಂಗಿಲ್ಲ. ಈಜಿಪ್ತಿನ ಖಾರಿ (ಖುರಾನ್ ಓದುಗಾರ) ಮಹಮೂದ್ ಖಲೀಲ್ ಅಲ್ ಹುಸರಿ ಅವರದು ನಿಧಾನ ಓದು, ಫೋನಿನಾಗ ಸಿಗ್ತದ. ಒಂದು ಆಯತ್ ಕೇಳಿ, ನಿಮ್ಮದು ರೆಕಾರ್ಡ್ ಮಾಡಿ, ಎರಡೂ ಜೋಡ್ಸಿ ಕೇಳ್ರಿ.

ಅಕ್ಷರವೇ ಬದಲಾದ್ರ ಲಹನೆ ಜಲೀ (ಎದ್ದು ಕಾಣೋ ತಪ್ಪು), ಓದಿನ ಸೊಗಸು ತಪ್ಪಿದ್ರ ಲಹನೆ ಖಫೀ (ಸೂಕ್ಷ್ಮ ತಪ್ಪು). ಮೊದಲನೇದು ಮೊದ್ಲು ತಿದ್ಕೋರಿ. ಜ್ವಾದ್ ಅನ್ನಬೇಕೋ ದ್ವಾದ್ ಅನ್ನಬೇಕೋ ಅಂತ ಚಾದ ಹೋಟೆಲಿನಾಗ ಜಗಳಾಡೋರು ಸಿಗ್ತಾರ. ನಾಲಿಗಿ ಮಗ್ಗಲು ಮ್ಯಾಲಿನ ದವಡಿ ಹಲ್ಲಿಗೆ ಹತ್ತಬೇಕು. ಅದನ್ನ ಹಾಫಿಜ್ ಸಾಬ್ರ ಎದುರು ಕೂತು, ಅವರ ಬಾಯಿ ನೋಡೇ ಕಲೀರಿ.